ಅತ್ತೆಯ ಕಿವಿಯ ವೈರು

ನಮ್ಮೂರಿನಲ್ಲಿ ಚಾರ್ಜರ್ ವೈರು ಕೊಳ್ಳಲು ಹೋದರೆ ಅಂಗಡಿಯ ರೇಣುಕಪ್ಪ ಪಿನ್ನು ದಪ್ಪವೋ ತೆಳುವೋ ಎಂದು ಆಮೇಲೆ ಕೇಳುತ್ತಾನೆ. ಅವನು ಮೊದಲು ಕೇಳುವುದು ‘ಯಾರ ಮನೆಗೆ?’ ಎಂದು. ಕೊಂಡವರ ಮನೆಯಲ್ಲಿ ವೈರು ಕೆಲಸ ಮಾಡುವುದಿಲ್ಲ. ಬೇರೆ ಯಾರ ಮನೆಯಲ್ಲಾದರೂ ಮಾಡುತ್ತದೆ. ನಾನು ಈ ಊರಿನಲ್ಲೇ ಹುಟ್ಟಿ, ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಸೊಸೆಯಾಗಿ ಬಂದವಳು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಒಂದು ಬಾವಿಯ ನೀರು ಸಿಹಿ, ಇನ್ನೊಂದರದು ಸಪ್ಪೆ ಇರುವ ಹಾಗೆ ಇದೂ ಒಂದು ಅಷ್ಟೆ. ವರ್ಗವಾಗಿ ಬರುವ ಮೇಷ್ಟ್ರುಗಳು ಮೊದಮೊದಲು ಗೋಡೆಯ ಪ್ಲಗ್ಗು ಬಿಚ್ಚಿ ನೋಡುತ್ತಾರೆ, ಲೈನ್‌ಮನ್ನನ್ನು ಬೈಯುತ್ತಾರೆ, ಆಮೇಲೆ ತಾವು ತಂದ ವೈರನ್ನು ಎದುರುಮನೆಗೆ ಕೊಟ್ಟು, ಪಕ್ಕದ ಮನೆಯವರು ಕೊಟ್ಟಿದ್ದನ್ನು ತಂದು ಚುಚ್ಚಿಕೊಂಡು ಸುಮ್ಮನಾಗುತ್ತಾರೆ.

ಹೀಗಾಗಿ ನಮ್ಮಲ್ಲಿ ಯಾರ ಮನೆಯಲ್ಲಿ ನೋಡಿದರೂ ಇರುವುದು ಬೇರೆಯವರು ಕೊಟ್ಟ ವೈರುಗಳೇ. ಗುರುತಿಗೆ ಒಬ್ಬೊಬ್ಬರು ಒಂದೊಂದು ಕಟ್ಟುತ್ತಾರೆ. ಟೈಲರ್ ಮಸ್ತಾನ್ ಸಾಬರ ಮನೆಯ ವೈರಿಗೆ ಕೆಂಪು ಬಟ್ಟೆಯ ಚೂರು, ಹೂ ಕಟ್ಟುವ ಗಿರಿಜಕ್ಕನ ಮನೆಯದಕ್ಕೆ ಒಂದು ಗುಂಡಿ, ನಮ್ಮದಕ್ಕೆ ತೆಂಗಿನ ನಾರು. ಮಗು ಹುಟ್ಟಿದರೆ ಬೆಲ್ಲದ ಜೊತೆ ವೈರು, ಹೊಸ ಮನೆ ಹೊಕ್ಕರೆ ಪಾತ್ರೆಯ ಜೊತೆ ವೈರು. ಕೊಟ್ಟವರು ವಾಪಸು ಕೇಳುವುದಿಲ್ಲ, ಇಸಿದುಕೊಂಡವರು ವಾಪಸು ಕೊಡುವುದಿಲ್ಲ. ಕೊಟ್ಟರೆ ‘ನಿಮ್ಮ ಸಹವಾಸ ಸಾಕು’ ಎಂದು ಮುಖದ ಮೇಲೆ ಹೇಳಿದ ಹಾಗೆ. ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಗೊತ್ತಿದ್ದರೇನು, ಬುಟ್ಟಿ ತುಂಬುತ್ತಲೇ ಇರುತ್ತದಲ್ಲ. ಫೋನು ಸತ್ತರೂ ಅದರ ವೈರು ಉಳಿಯುತ್ತದೆ. ಗುಂಡು ಪಿನ್ನಿನವು, ತೆಳು ಪಿನ್ನಿನವು, ಅಗಲ ಪಿನ್ನಿನವು, ಔಷಧಿ ಹೊಡೆಯುವ ಕ್ಯಾನಿನದು, ಸೊಳ್ಳೆ ಬ್ಯಾಟಿನದು, ಯಾವುದರದೆಂದು ಯಾರಿಗೂ ನೆನಪಿಲ್ಲದ ಒಂದು ಬಿಳಿಯದು. ಎಲ್ಲವೂ ನಮ್ಮ ನಡುಮನೆಯ ಬಿದಿರು ಬುಟ್ಟಿಯಲ್ಲಿ ಒಂದರ ಕುತ್ತಿಗೆಗೆ ಇನ್ನೊಂದು ಸುತ್ತಿಕೊಂಡು ಬಿದ್ದಿರುತ್ತಿದ್ದವು. ಒಂದನ್ನು ಎಳೆದರೆ ಹಿಂದೆಯೇ ಎಂಟು ಬರುತ್ತಿದ್ದವು. ಯಾರೂ ಮುಟ್ಟದೆ ಇಟ್ಟರೂ ಬೆಳಗಾಗುವುದರೊಳಗೆ ಹೊಸ ಗಂಟು ಬಿದ್ದಿರುತ್ತಿತ್ತು.

ನಮ್ಮ ಯಜಮಾನರು ಮರುಳಯ್ಯ ಹಗ್ಗ ಹೊಸೆಯುವವರು. ಅವರಿಗೆ ಈ ಬುಟ್ಟಿ ಕಂಡರೆ ಆಗುತ್ತಿರಲಿಲ್ಲ. ಹಗ್ಗದ ಗಂಟಾದರೆ ಯಾರೋ ಹಾಕಿದ್ದು, ಹಾಕಿದ ದಾರಿಯಲ್ಲೇ ಬಿಚ್ಚಬಹುದು. ಇದು ಯಾರೂ ಹಾಕದ ಗಂಟು, ಇದಕ್ಕೆ ತಲೆ ಎಲ್ಲಿ ಬಾಲ ಎಲ್ಲಿ ಎಂದು ಗೊಣಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಗೊಣಗುವುದಿದ್ದರೆ ಅದು ಈ ಬುಟ್ಟಿಯ ಮುಂದೆ ಮಾತ್ರ.

ಹಗ್ಗದ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ರಾಟೆ ತಿರುಗಿಸಬೇಕು, ಇನ್ನೊಬ್ಬರು ಮಡಿಲಲ್ಲಿ ನಾರು ತುಂಬಿಕೊಂಡು, ಹುರಿಗೆ ನಾರು ಕೊಡುತ್ತ ಹಿಂದಹಿಂದಕ್ಕೆ ನಡೆಯಬೇಕು. ಹಿತ್ತಲಿನ ಕೊನೆ ಮುಟ್ಟಿದಾಗ ‘ನಿಲ್ಸು’ ಎಂದು ಕೂಗುತ್ತಾರೆ. ಆ ಕ್ಷಣಕ್ಕೆ ರಾಟೆ ನಿಲ್ಲದಿದ್ದರೆ ಹುರಿ ಅತಿಯಾಗಿ ತಿರುಚಿ ಗುಂಜುಗುಂಜಾಗಿ ಹಾಳಾಗುತ್ತದೆ. ನಮ್ಮತ್ತೆ ಹಾಲಮ್ಮ ಮದುವೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತವರು. ಮೊದಲು ಮಾವನಿಗೆ, ಆಮೇಲೆ ಮಗನಿಗೆ. ವಯಸ್ಸಾಗಿ ಕಿವಿ ಮಂದವಾದ ಮೇಲೆ ‘ನಿಲ್ಸು’ ಕೇಳಿಸದೆ, ಆ ಜಾಗ ನನಗೆ ಬಂತು. ಅವರು ಜಗಲಿಯಲ್ಲಿ ನಾರು ಬಿಡಿಸುತ್ತ ಕೂತರು. ಮಾತನಾಡಿಸಿದರೆ ನಗುತ್ತಿದ್ದರು, ಕೇಳಿಸಿ ನಗುತ್ತಿದ್ದರೋ, ಕೇಳಿಸಲಿಲ್ಲವೆಂದು ನಗುತ್ತಿದ್ದರೋ ತಿಳಿಯುತ್ತಿರಲಿಲ್ಲ.

ಕಿವಿ ಮಷಿನ್ ಹಾಕಿಸುವ ಮಾತು ತೆಗೆದವರು ಮಸ್ತಾನ್ ಸಾಬರು. ಅವರೂ ನಮ್ಮವರೂ ಶಾಲೆಯಲ್ಲಿ ಒಂದೇ ಬೆಂಚು. ಅತ್ತೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ದೊಡ್ಡ ಊರಿಗೆ ಹೋಗಿ, ತಾವೇ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಮಷಿನ್ ಕೊಡಿಸಿ ತಂದರು. ಅದನ್ನು ಇಟ್ಟು ಚಾರ್ಜು ಮಾಡುವುದಕ್ಕೆ ಸುಣ್ಣದ ಡಬ್ಬಿಯಂಥ ಒಂದು ಡಬ್ಬಿ. ಅದಕ್ಕೆ ತೆಳು ಪಿನ್ನಿನ ವೈರನ್ನು ಮಸ್ತಾನ್ ಸಾಬರೇ ಕೊಂಡು, ಕೆಂಪು ಚೂರು ಕಟ್ಟಿ ನಮ್ಮ ಮನೆಗೆ ಕೊಟ್ಟರು. ಅವತ್ತು ಅತ್ತೆ ಮಷಿನ್ ಹಾಕಿಕೊಂಡು ಹಿತ್ತಲಿಗೆ ಬಂದು, ನಾನು ತಿರುಗಿಸುತ್ತಿದ್ದ ರಾಟೆಯ ಮುಂದೆ ನಿಂತು ಹೇಳಿದ್ದು ನನಗಿನ್ನೂ ನೆನಪಿದೆ: “ಅಯ್ಯೋ ಶಿವನೇ, ಇದು ಇಷ್ಟೊಂದು ಕಿರುಗುಟ್ತದಾ? ಎಣ್ಣೆ ಬುಡೋಕೇನು ರೋಗ ನಿಮ್ಗೆ? ಏಳು ಮೇಲೆ!” ನಾನು ಎದ್ದೆ. ಅವರು ಕೂತರು. ಮತ್ತೆ ಎರಡು ವರ್ಷ ಆ ಜಾಗದಿಂದ ಅವರು ಕದಲಲಿಲ್ಲ.

ಇನ್ನು ಆ ಸಂತೆಯ ದಿನದ ಮಾತು. ನಮ್ಮಲ್ಲಿ ಹಗ್ಗವನ್ನು ತೂಕಕ್ಕೆ ಮಾರುತ್ತಾರೆ. ಹಿಂದಿನ ದಿನ ಇವರು ತೂಕದ ಮಷಿನ್ನನ್ನು ಚಾರ್ಜಿಗೆ ಹಾಕಿಟ್ಟರು. ಸಂತೆಗೆ ಹೋಗಿ ಗುಂಡಿ ಒತ್ತಿದರೆ ಉಸಿರಿಲ್ಲ. ಗಿರಿಜಕ್ಕನ ಮಗಳ ಹೊಸ ಮನೆಗೆಂದು ಇವರೇ ಕೊಂಡು ತಂದು, ಕೊಡಲು ಮರೆತು, ಬುಟ್ಟಿಗೆ ಸೇರಿಹೋಗಿದ್ದ ನಮ್ಮದೇ ವೈರನ್ನು ಚುಚ್ಚಿದ್ದರು. ಪಕ್ಕದ ಹಗ್ಗದವನ ತಕ್ಕಡಿ ಕೇಳಬೇಕಾಯಿತು. ಅವನು ಸುಮ್ಮನೆ ಕೊಟ್ಟಾನೆಯೇ?

“ಏನ್ ಮರುಳಣ್ಣ, ಊರಿಗೆಲ್ಲ ಹಗ್ಗ ಹೊಸೀತೀಯ, ಒಂದು ವೈರು ಆರಿಸ್ಕಳ್ಳಾಕೆ ಬರಲ್ವಾ?” ಎಂದನಂತೆ. ಸುತ್ತ ಇದ್ದವರು ನಕ್ಕರಂತೆ.

ನಾನು ಕೆರೆಯಂಗಳಕ್ಕೆ ನೆನೆಹಾಕಿದ ತೆಂಗಿನ ಸಿಪ್ಪೆ ನೋಡಲು ಹೋಗಿದ್ದೆ. ಇವರು ಮನೆಗೆ ಬಂದವರೇ ಬುಟ್ಟಿಯನ್ನು ಜಗಲಿಯ ಮೇಲೆ ಸುರಿದುಕೊಂಡು ಕೂತರು. ಹಗ್ಗದ ಕೈ ಅಲ್ಲವೇ, ಒಂದೊಂದನ್ನೇ ಬಿಡಿಸಿ, ಒರೆಸಿ, ಸಿಂಬೆಯಂತೆ ಸುತ್ತಿ, ನಾರಿನಿಂದ ಕಟ್ಟಿದರು. ಮನೆಯಲ್ಲಿರುವ ಸಾಮಾನಿಗೆ ಹೊಂದುವುದನ್ನು ತೆಗೆದಿಟ್ಟುಕೊಂಡರು: ಫೋನಿಗೊಂದು, ತೂಕದ ಮಷಿನ್ನಿಗೊಂದು, ಔಷಧಿ ಕ್ಯಾನಿಗೊಂದು. ಉಳಿದವು ಸತ್ತ ಫೋನುಗಳವು, ಇವು ವೈರುಗಳ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ವಾಪಸು ಕೊಟ್ಟರೆ ತಪ್ಪಿಲ್ಲ ಎಂದು ಅವರ ಮನಸ್ಸು ತೀರ್ಮಾನ ಮಾಡಿತು. ಚೀಲಕ್ಕೆ ತುಂಬಿಕೊಂಡು, ಗುರುತು ನೋಡಿ, ಮನೆಮನೆಗೆ ಹೋಗಿ, “ತಗಳಿ, ಇದಕ್ಕೆ ನಮ್ಮನೇಲಿ ಕೆಲ್ಸ ಇಲ್ಲ” ಎಂದು ಕೊಟ್ಟುಬಂದರು.

ನಾನು ಬಂದಾಗ ಬುಟ್ಟಿ ಬರಿದಾಗಿತ್ತು. ಇವರ ಮುಖದಲ್ಲಿ ಎಂದೂ ಇಲ್ಲದ ಸಮಾಧಾನ.

“ಏನ್ರೀ ಮಾಡಿದ್ರಿ?” ಎಂದೆ.

“ಅವರವ್ರದ್ದು ಅವರವ್ರಿಗೆ ಕೊಟ್ಟೆ. ಎಷ್ಟು ಚಂದಾಗಿ ಕಟ್ಟಿದ್ದೆ ಗೊತ್ತಾ!”

“ಅವ್ರೇನಂದ್ರು?”

“ಏನೂ ಅನ್ಲಿಲ್ಲ. ಇಸ್ಕಂಡ್ರು.”

ಏನೂ ಅನ್ನಲಿಲ್ಲ ಎಂದಾಗಲೇ ಕೆಲಸ ಕೆಟ್ಟಿತೆಂದು ನನಗೆ ಗೊತ್ತಾಯಿತು. ಸಂಜೆ ಅತ್ತೆ ಕಿವಿಯಿಂದ ಮಷಿನ್ ತೆಗೆದು, ಡಬ್ಬಿಯಲ್ಲಿಟ್ಟು, ಕಿಟಕಿಯ ಹತ್ತಿರ ಕೈಯಾಡಿಸಿದರು. ಇವರು ವೈರು ಆರಿಸುವಾಗ ಮಷಿನ್ ಅತ್ತೆಯ ಕಿವಿಯಲ್ಲಿತ್ತು. ಡಬ್ಬಿ ಇವರ ಕಣ್ಣಿಗೆ ಬಿದ್ದಿರಲಿಲ್ಲ. ಕಿಟಕಿಯಲ್ಲಿದ್ದ ಅತ್ತೆಯ ತೆಳು ಪಿನ್ನಿನ ವೈರನ್ನೂ ಹಳೆ ಫೋನಿನದೆಂದು ಬುಟ್ಟಿಯವುಗಳ ಜೊತೆ ಸೇರಿಸಿ, ಮಸ್ತಾನ್ ಸಾಬರ ಕೈಗೇ ಕೊಟ್ಟುಬಂದಿದ್ದರು.

ಮರುದಿನ ಬೆಳಿಗ್ಗೆ ನಾನೇ ಇವರನ್ನು ಅವರ ಅಂಗಡಿಗೆ ಅಟ್ಟಿದೆ. ಹೋದಷ್ಟೇ ಬೇಗ ತಿರುಗಿ ಬಂದರು. ಮಸ್ತಾನ್ ಸಾಬರು ಹುಟ್ಟಿದಾಗಿನಿಂದ ಇವರನ್ನು ‘ಲೋ ಮರುಳ’ ಎಂದೇ ಕರೆದವರು. ಅವತ್ತು ಹೊಲಿಗೆ ನಿಲ್ಲಿಸದೆ, “ಬನ್ನಿ ಮರುಳಯ್ಯನವ್ರೇ, ಏನಾಗ್ಬೇಕಿತ್ತು?” ಎಂದರಂತೆ. ಆ ‘ಬನ್ನಿ’ ಕೇಳಿದ್ದೇ ಇವರು ಬಾಗಿಲಿಂದಲೇ ತಿರುಗಿದರು. ಅಷ್ಟರಲ್ಲಿ ಆ ವೈರನ್ನು ಅವರು ಕೋಳಿ ಫಾರಮ್ಮಿನವರಿಗೆ ಕೊಟ್ಟೂ ಆಗಿತ್ತು. ತಮ್ಮ ಮನೆಯಲ್ಲಿ ಕೆಲಸ ಮಾಡದ ವೈರನ್ನು ಇಟ್ಟುಕೊಂಡು ಅವರಾದರೂ ಏನು ಮಾಡಿಯಾರು?

ನಾವು ಕೊಟ್ಟಿದ್ದವೂ ಮನೆಗೆ ಬರತೊಡಗಿದವು. ಗಿರಿಜಕ್ಕ ಬಾಗಿಲಲ್ಲೇ ನಿಂತು, “ನಿಮ್ದಕ್ಕೂ ನಮ್ಮನೇಲಿ ಕೆಲ್ಸ ಇಲ್ಲ ಕಣೇ ದಾಕ್ಷಿ” ಎಂದು ನಾರು ಕಟ್ಟಿದ ವೈರನ್ನು ಹೊಸಿಲ ಮೇಲಿಟ್ಟು ಹೋದಳು. ಒಬ್ಬರಾದ ಮೇಲೊಬ್ಬರು ಬಂದರು. ಬುಟ್ಟಿ ಮತ್ತೆ ತುಂಬಿತು, ಎಲ್ಲ ನಮ್ಮವೇ. ಒಂದಕ್ಕೂ ಜೀವವಿಲ್ಲ.

ಇವರು ರೇಣುಕಪ್ಪನ ಅಂಗಡಿಗೆ ಹೋದರು. ತೆಳು ಪಿನ್ನಿನದು ಕೊಡು ಎಂದರು. ಅವನು ಯಾರ ಮನೆಗೆ ಎಂದ. ಇವರು “ನಮ್ಮ ಮನೆಗೆ” ಎಂದರಂತೆ.

ರೇಣುಕಪ್ಪ ತಮಾಷೆಯೆಂದು ನಗಲು ಹೋಗಿ, ಇವರ ಮುಖ ನೋಡಿ ನಿಲ್ಲಿಸಿದ. “ಕೊಡಾಕೆ ನಂಗೇನ್ ಮರುಳಣ್ಣ, ಕೊಡ್ತೀನಿ. ತಗಂಡೋಗಿ ಹಸ ಕಟ್ತೀರಾ? ಅದಕ್ಕೆ ನಿಮ್ಮತ್ರ ಹಗ್ಗನೇ ಐತಲ್ಲ.”

ಆದರೂ ತಂದರು. ಚುಚ್ಚಿದರು. ಡಬ್ಬಿಯ ಮೇಲಿನ ಹಸಿರು ದೀಪ ಹತ್ತಲಿಲ್ಲ. ತೆಗೆದು ಇನ್ನೊಂದು ಗೋಡೆಗೆ ಚುಚ್ಚಿದರು. ಬಚ್ಚಲ ಹತ್ತಿರದ ಪ್ಲಗ್ಗಿಗೂ ಚುಚ್ಚಿ ನೋಡಿದರು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದ ಮನುಷ್ಯ, ಹೊಸ ಮೇಷ್ಟ್ರ ಹಾಗೆ ಗೋಡೆಯಿಂದ ಗೋಡೆಗೆ ಅಲೆಯುವುದನ್ನು ನೋಡಿ ನನಗೆ ಸಿಟ್ಟು ಮಾಡುವುದಕ್ಕೂ ಮನಸ್ಸು ಬರಲಿಲ್ಲ.

ಮಷಿನ್ ಪೂರ್ತಿ ಆರಿದ ಮೇಲೂ ಅತ್ತೆ ಎಂದಿನಂತೆ ರಾಟೆಯ ಮುಂದೆ ಕೂತರು. ನಾನು ತಡೆಯಲಿಲ್ಲ. ಇವರು ಹಿತ್ತಲಿನ ಕೊನೆಗೆ ಹೋಗಿ ‘ನಿಲ್ಸು’ ಎಂದರು. ರಾಟೆ ತಿರುಗುತ್ತಲೇ ಇತ್ತು. ‘ನಿಲ್ಸವ್ವ’ ಎಂದು ಕೂಗಿದರು. ಹುರಿ ಸೆಟೆದು, ಗುಂಜು ಗುಂಜಾಗಿ ಎದ್ದು, ಇವರ ಅಂಗೈಯನ್ನು ಕಚ್ಚಿ ಎಳೆಯಿತು. ಇವರು ಅಂಗೈಯನ್ನು ಬೆನ್ನ ಹಿಂದೆ ಮರೆಮಾಡಿದರು. ಆದರೆ ಅತ್ತೆ ಮಗನ ಮುಖ ನೋಡಿದರು. ಮೆಲ್ಲನೆ ಎದ್ದು, ಸೆರಗು ಕೊಡವಿ, ಜಗಲಿಗೆ ಹೋಗಿ ನಾರಿನ ರಾಶಿಯ ಮುಂದೆ ಕೂತರು. ನನ್ನನ್ನು ನೋಡಿ ನಕ್ಕರು. ಅದೇ ಹಳೆಯ ನಗು.

ಅವತ್ತು ಇವರು ಊಟ ಮಾಡಲಿಲ್ಲ. “ಹೋಗಿ ಒಂದ್ ಮಾತು ಕೇಳ್ರೀ” ಎಂದರೆ, “ಯಾವ ಮುಖ ಹೊತ್ಕಂಡು ಕೇಳ್ಲಿ” ಎನ್ನುತ್ತಾರೆ. ನಾನು ಹೋಗುತ್ತೇನೆಂದರೆ, “ನಾನು ಮಾಡಿದ್ದಕ್ಕೆ ನೀನ್ಯಾಕೆ ತಲೆ ತಗ್ಗಿಸ್ತೀಯ” ಎನ್ನುತ್ತಾರೆ. ಗಂಡಹೆಂಡಿರಿಬ್ಬರೂ ಹೀಗೆ ಜಗ್ಗಾಡುತ್ತ ಕೂತೆವು. ನಾವು ಮರೆತೇಬಿಟ್ಟಿದ್ದು ಅತ್ತೆಗೂ ಕಾಲಿವೆ ಎನ್ನುವುದನ್ನು.

ಮಾರನೆಯ ದಿನ ಮಧ್ಯಾಹ್ನ ಉಂಡ ಮೇಲೆ ಅವರು ಕಿವಿ ಮಷಿನ್ನಿನ ಡಬ್ಬಿಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು, ಚಪ್ಪಲಿ ಮೆಟ್ಟಿದರು, ಹೊರಟರು. ನಾನು ಹಿಂದೆಯೇ ಓಡಿದೆ. ಕೂಗಿದರೆ ಕೇಳಿಸಬೇಕಲ್ಲ! ನೇರ ಗಿರಿಜಕ್ಕನ ಮನೆಗೆ ನುಗ್ಗಿದರು. ಕಿವುಡರ ದನಿ, ಬೀದಿಗೆಲ್ಲ ಕೇಳುವಂತೆ:

“ಗಿರಿಜಾ! ನಿಮ್ಮನೇಲಿ ತೆಳು ಪಿನ್ನಿಂದು ಇರ್ಬೇಕಲ್ಲ, ಒಸಿ ಹೊತ್ತು ಚುಚ್ಚೇ! ನನ್ ಮಗ ಪೆದ್ದ. ಸಣ್ಣೋನಿದ್ದಾಗ್ಲೂ ಹಿಂಗೇಯ, ಮನೆ ಗುಡ್ಸು ಅಂದ್ರೆ ದೇವ್ರ ದೀಪಾನೂ ಕಸದ ಜೊತೆಗೆ ಎತ್ತಾಕ್ತಿದ್ದ!”

ಗಿರಿಜಕ್ಕ ಮೊಗ್ಗು ಕಟ್ಟುತ್ತ ಕೂತಿದ್ದಳು. ಮುಖ ಗಂಟಿಕ್ಕಿಕೊಂಡೇ ಇರಬೇಕೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ತುಟಿ ಸಡಿಲಿತು. “ಕೂತ್ಕೊ ಬಾ ದೊಡ್ಡವ್ವ” ಎಂದು ಎದ್ದಳು. ಅವಳ ಮನೆಯ ಬುಟ್ಟಿಯೂ ನಮ್ಮದರ ಹಾಗೇ ಇತ್ತು. ಒಂದನ್ನೆಳೆದರೆ ಎಂಟು ಬಂದವು, ಅದರಲ್ಲೊಂದು ತೆಳು ಪಿನ್ನಿನದು. ಚುಚ್ಚಿದಳು. ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ನನಗೆ ಅಳು ಬಂತು. ಗಿರಿಜಕ್ಕ ನನ್ನ ಕಡೆ ನೋಡದೆಯೇ ಬಾಳೆನಾರನ್ನು ನನ್ನತ್ತ ತಳ್ಳಿ, “ಸುಮ್ನೆ ನಿಂತಿದ್ರೆ ಹೂವು ತಾನಾಗೇ ಕಟ್ಕಂತದಾ?” ಎಂದಳು. ನಾನು ಕೂತೆ.

ಹೀಗೆ ಶುರುವಾಯಿತು. ಅತ್ತೆ ದಿನಕ್ಕೊಂದು ಮನೆ ಆರಿಸಿಕೊಂಡರು. ಒಂದು ದಿನ ಹಾಲಿನ ಡೈರಿಯವರಲ್ಲಿ, ಇನ್ನೊಂದು ದಿನ ಮೇಷ್ಟ್ರ ಮನೆಯಲ್ಲಿ. ಮಷಿನ್ ತುಂಬುವ ತನಕ ಕಾಳು ಆರಿಸಿಕೊಡುವುದು, ಮಗು ಆಡಿಸುವುದು. ತುಂಬಿದ ಮೇಲೆ ಕಿವಿಗೆ ಹಾಕಿಕೊಂಡು ಅವರ ಮನೆಯ ಸುಖದುಃಖ ಕೇಳುವುದು. ಕತ್ತಲಾಗುತ್ತ ಬಂದರೆ ಅವರಿಗೆ ಕಣ್ಣು ಸಾಲದು, ಕರೆತರಲು ಯಾರಾದರೂ ಹೋಗಬೇಕು. ನಾನು ಒಲೆಯ ನೆಪ ಹೇಳಿ ಇವರನ್ನೇ ಕಳಿಸುತ್ತಿದ್ದೆ. ಮೊದಲ ದಿನ ಇವರು ಡೈರಿಯವರ ಬೇಲಿಯ ಆಚೆಯೇ ನಿಂತಿದ್ದರಂತೆ. “ದನ ಹುಡುಕ್ಕಂಡು ಬಂದೋರ ಹಂಗೆ ಯಾಕ್ ನಿಂತ್ರಿ, ಒಳಕ್ ಬನ್ನಿ” ಎಂದು ಅವರೇ ಕರೆದರಂತೆ. ಒಳಗೆ ಹೋದ ಮೇಲೆ ಕೂರಬೇಕು, ಕೂತ ಮೇಲೆ ಟೀ ಕುಡಿಯಬೇಕು, ಕುಡಿದ ಮೇಲೆ ಒಂದಾದರೂ ಮಾತಾಡಬೇಕು. ಇವರು ಒಂದೇ ಮಾತಾಡುತ್ತಿದ್ದರು: “ತಪ್ಪಾಯ್ತು.” ಅತ್ತೆ ಬರುವಾಗ ಬರಿಗೈಯಲ್ಲಿ ಬಂದದ್ದಿಲ್ಲ. ಸೆರಗಿನಲ್ಲಿ ಕರಿಬೇವು, ಒಂದು ಬಟ್ಟಲು ಹುಚ್ಚೆಳ್ಳಿನ ಪುಡಿ, ನಾಲ್ಕು ನುಗ್ಗೆಕಾಯಿ. ಮುಖ ತಿರುಗಿಸಿಕೊಂಡಿದ್ದ ಮನೆಗಳೇ ನಮ್ಮ ಅತ್ತೆಯ ಕಿವಿಯನ್ನು ಒಂದು ದಿನಕ್ಕೂ ಆರಗೊಡಲಿಲ್ಲ. ಅಡುಗೆ ಮಾಡುವಾಗ ಆ ಕರಿಬೇವಿನ ಎಸಳು ಬಿಡಿಸುತ್ತ ಎಷ್ಟು ಸಲ ಅವರೆಲ್ಲರ ಹೆಸರು ಹೇಳಿಕೊಂಡು ಮನಸ್ಸಿನಲ್ಲೇ ಕೈಮುಗಿದಿದ್ದೇನೋ.

ಒಂದು ಮಧ್ಯಾಹ್ನ ಅತ್ತೆ ಚಪ್ಪಲಿ ಮೆಟ್ಟುತ್ತ ಹೇಳಿದರು: “ಇವತ್ತು ಮಸ್ತಾನನ ಮನೆಗೆ ಹೋಗ್ತೀನಿ. ಕರಕಂಡ್ ಬರಾಕೆ ನನ್ ಮಗನೇ ಬರ್ಲಿ.”

ಹೊತ್ತು ಇಳಿಯಿತು. ಇವರು ಹಿತ್ತಲಿನಲ್ಲಿ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಿದ್ದರು. ಕೊನೆಗೆ ಕೈ ತೊಳೆದುಕೊಂಡು, “ನೀನೂ ಬಾ ದಾಕ್ಷಿ” ಎಂದರು. ಮದುವೆಯಾದ ಮೇಲೆ ಹಾಗೆ ಕೇಳಿದ್ದು ಅದೇ ಮೊದಲು. ಹೋದೆ.

ಅಂಗಡಿಯ ಹಿಂದೆಯೇ ಅವರ ಮನೆ. ಅತ್ತೆ ಚಾಪೆಯ ಮೇಲೆ ಕೂತು, ಮಸ್ತಾನ್ ಸಾಬರ ಹೆಂಡತಿ ಖೈರುನ್ನಮ್ಮನ ಜೊತೆ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದರು. ಡಬ್ಬಿ ಗೋಡೆಯ ಬದಿಯಲ್ಲಿ ಚಾರ್ಜಿಗಿತ್ತು. ಮಸ್ತಾನ್ ಸಾಬರು ಹೊಲಿಗೆ ಮಿಷನ್ ಮೇಲಿನಿಂದ ತಲೆಯೆತ್ತಿ, “ಬನ್ನಿ ಮರುಳಯ್ಯನವ್ರೇ” ಎಂದರು.

“ಬನ್ನಿ ಅನ್ಬೇಡ ಮಸ್ತಾನಣ್ಣ” ಎಂದರು ಇವರು. “ಕಾಲು ಮುರೀತೀನಿ ಅನ್ನು, ಮನೆ ಮುಂದೆ ಬರ್ಬೇಡ ಅನ್ನು. ಬನ್ನಿ ಅನ್ಬೇಡ.”

ಮಸ್ತಾನ್ ಸಾಬರು ಮಿಷನ್ ತುಳಿಯುತ್ತಲೇ ಹೇಳಿದರು: “ಆ ವೈರು ಕೊಟ್ಟ ದಿನ ನಿಮ್ಮವ್ವ ನನ್ ಕೈ ಹಿಡ್ಕಂಡು ಅತ್ತಿದ್ಲು. ಅದ್ನ ಸುತ್ತಿ, ನಾರು ಕಟ್ಟಿ, ತಂದು ನನ್ ಮೇಜಿನ್ ಮೇಲಿಟ್ಟು, ಕೆಲ್ಸ ಇಲ್ಲ ಅಂದ್ಯಲ್ಲ...”

“ಅವ್ವನ ಕಿವೀದು ಅಂತ ನೋಡ್ಲಿಲ್ಲ ಕಣಣ್ಣ, ದೇವ್ರಾಣೆ. ಉಳಿದಿದ್ದು ಮಾತ್ರ ನೋಡ್ಕಂಡೇ ತಂದೆ. ಜಾಗ ತಿಂತಾವೆ ಅಂತ. ಅದೂ ತಪ್ಪೇಯ.”

“ಜಾಗ ತಿಂತಾವಂತೆ!” ಖೈರುನ್ನಮ್ಮ ಹುಕ್ಕಿನ ದಾರ ಹಲ್ಲಿನಿಂದ ಕತ್ತರಿಸುತ್ತ ನಡುವೆ ಬಾಯಿಹಾಕಿದಳು. “ನಿಮ್ಮನೆ ವೈರು ನಾಕು ಅವೆ ಇಲ್ಲಿ, ಒಂದೂ ಯಾವ ಫೋನಿಗೂ ಆಗಲ್ಲ. ಇವ್ರು ಟೇಪು ಕಳ್ಕಂಡಾಗ ಅದ್ರಲ್ಲೇ ಸೊಂಟದ ಅಳತೆ ತಗಂತಾರೆ. ಊರಿನ್ ಗಂಡಸ್ರ ಪ್ಯಾಂಟೆಲ್ಲ ಯಾಕೆ ಸಡಿಲ ಆಗ್ತಾವೆ ಅಂತೀರ?”

ನನಗೆ ನಗು ತಡೆಯಲಾಗಲಿಲ್ಲ. ಇವರಿಗೂ ನಗುವೋ ಅಳುವೋ ತಿಳಿಯದಂಥದ್ದೊಂದು ಬಂತು. ಮಸ್ತಾನ್ ಸಾಬರು ಮಿಷನ್ನಿನ ಡ್ರಾಯರು ಎಳೆದು ಒಂದು ಹೊಸ ವೈರು ತೆಗೆದರು. ಕೆಂಪು ಚೂರು ಕಟ್ಟಿಯೇ ಇತ್ತು.

“ಅವತ್ತು ಅಂಗ್ಡೀಲಿ ಯಾರ್ ಮನೆಗೆ ಅಂದ್ರೆ, ನಮ್ಮ ಮನೆಗೆ ಅಂದ್ಯಂತೆ. ರೇಣುಕಪ್ಪ ಬಂದು ಹೇಳ್ದ. ಅನ್ನ ಸೇರ್ಲಿಲ್ಲ ನಂಗೆ. ಹಿಂದೇನೇ ಹೋಗಿ ಇದನ್ನ ತಂದೆ. ನೀನಾಗೇ ಬರ್ಲಿ ಅಂತ ಇಟ್ಕಂಡೆ, ನನ್ನ ಸೊಕ್ಕು. ಆ ಮುದುಕಿ ದಿನಾ ಬಿಸಿಲಲ್ಲಿ ಓಡಾಡೋದ್ ನೋಡ್ಕಂಡೂ ಕೊಡ್ದೆ ಕೂತಿದ್ನಲ್ಲ, ನನಗೂ ಬುದ್ಧಿ ಇಲ್ಲ. ಹಿಡ್ಕಳ್ಳೋ. ಲೋ ಮರುಳ, ಹಿಡ್ಕಳ್ಳೋ ಅಂದ್ರೆ!”

ಇವರು ಎರಡೂ ಕೈ ಚಾಚಿ ತೆಗೆದುಕೊಂಡರು.

ಅತ್ತೆಗೆ ಇದೊಂದೂ ಕೇಳಿಸಿರಲಿಲ್ಲ. ಆದರೆ ಎಲ್ಲರ ಬಾಯಿ ಒಮ್ಮೆಗೇ ಅಲ್ಲಾಡಿದ್ದು ಕಂಡಿತ್ತು. ಹುಕ್ಕಿನ ರವಿಕೆ ಪಕ್ಕಕ್ಕಿಟ್ಟು, ಡಬ್ಬಿಯಿಂದ ಮಷಿನ್ ತೆಗೆದು, ಅವಸರವಿಲ್ಲದೆ ಕಿವಿಗೆ ಇಟ್ಟುಕೊಂಡು, ಮಗನ ಕಡೆಗೊಮ್ಮೆ ಮಸ್ತಾನ್ ಸಾಬರ ಕಡೆಗೊಮ್ಮೆ ನೋಡಿದರು.

“ಏನಪ್ಪ, ನನ್ ಮಗನ್ನ ಏನೋ ಅಂದಂಗಾಯ್ತು?”

“ಬೈದೆ ಕಣವ್ವ.”

“ಬೈದ್ಯಾ? ಏನಂತ ಬೈದೆ?”

“ಲೋ ಮರುಳ ಅಂತ.”

ಅತ್ತೆಯ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಚಾಪೆಯ ಮೇಲೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತು, ಸೆರಗು ಹಿಂದಕ್ಕೆ ಸರಿಸಿ, ಮಷಿನ್ ಇದ್ದ ಕಿವಿಯನ್ನು ಮಸ್ತಾನ್ ಸಾಬರತ್ತ ತಿರುಗಿಸಿದರು.

“ನಂಗೆ ಕೇಳ್ಸಲಿಲ್ಲ ಕಣಪ್ಪ. ಇನ್ನೊಂದ್ ಕಿತ ಬೈಯಿ.”

ಮಸ್ತಾನ್ ಸಾಬರು ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ, ಬೀದಿಯ ಆ ಕೊನೆಗೂ ಕೇಳುವಂತೆ, ಬೈದರು.